ದಾರ, ಸ್ಕೇಲು, ಎರಡು ಪಾನಾ: ಮನೆಯಂಗಳದಲ್ಲೇ ವೀಲ್ ಅಲೈನ್‌ಮೆಂಟ್ ದೋಷ ಹುಡುಕುವ ಬಗೆ

ಚಕ್ರ ಹೊಂಡಕ್ಕೆ ಬಿದ್ದ ಮಾರನೇ ದಿನ ಕಾರು ಎಡಕ್ಕೆ ಎಳೆಯತೊಡಗಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಅಲೈನ್‌ಮೆಂಟ್ ಹೋಗಿದೆ. ಚಕ್ರಗಳು ಇರಬೇಕಾದ ಕೋನದಲ್ಲಿ ಇಲ್ಲ ಎಂದು ಅದರ ಅರ್ಥ. ಬಹಳ ಸಲ ಹೋಗಿರುವುದು ಅಲೈನ್‌ಮೆಂಟ್ ಅಲ್ಲ. ಟೈರಿನ ಗಾಳಿ ಇಳಿದಿರುತ್ತದೆ, ಬ್ರೇಕ್ ಕಚ್ಚಿಕೊಂಡಿರುತ್ತದೆ, ಇಲ್ಲವೇ ಚಕ್ರದ ಕೀಲುಗಳಲ್ಲಿರುವ ರಬ್ಬರ್ ಬುಷ್ ಹರಿದಿರುತ್ತದೆ. ಇವನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಯಂತ್ರದ ಪರದೆಯ ಮೇಲೆ ಎಲ್ಲವೂ ಹಸಿರಾಗಿ ಕಾಣುತ್ತದೆ, ರಸ್ತೆಗಿಳಿದ ಕಾರು ಮತ್ತೆ ಎಳೆಯುತ್ತದೆ.

ಅಂಗಡಿಯಲ್ಲಿ ಅಲೈನ್‌ಮೆಂಟ್‌ಗೆ ತೆಗೆದುಕೊಳ್ಳುವುದು ಕೆಲವು ನೂರು ರೂಪಾಯಿ ಅಷ್ಟೇ. ಹಾಗಾಗಿ ಮನೆಯಲ್ಲಿ ಅಳೆಯುವುದರ ನಿಜವಾದ ಲಾಭ ಆ ಹಣದ ಉಳಿತಾಯದಲ್ಲಿಲ್ಲ. ದೋಷ ಎಲ್ಲಿದೆ ಎಂದು ನಿಮಗೇ ಗೊತ್ತಾಗುತ್ತದೆ, ಸಾವಿರಾರು ರೂಪಾಯಿಯ ಟೈರು ಅಕಾಲದಲ್ಲಿ ಸವೆಯುವುದು ತಪ್ಪುತ್ತದೆ, ಅಂಗಡಿಯವರು ಮಾಡಿದ ಕೆಲಸವನ್ನೂ ಪರೀಕ್ಷಿಸಬಹುದು.

ಇಲ್ಲಿ ಹೇಳಿರುವುದು ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್, ಐ10 ಥರದ ಸಣ್ಣ ಕಾರುಗಳಿಗೆ: ಎಳೆಯುವುದು ಮುಂದಿನ ಚಕ್ರ, ಮುಂದೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ), ಹಿಂದೆ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಆಕ್ಸಲ್ ಅಥವಾ ಬೀಮ್. ಇಂಥ ಕಾರುಗಳಲ್ಲಿ ತಿರುಗಿಸಿ ಹೊಂದಿಸಲು ಕಂಪನಿ ಕೊಟ್ಟಿರುವುದು ಸಾಮಾನ್ಯವಾಗಿ ಒಂದನ್ನೇ, ಮುಂದಿನ ಚಕ್ರಗಳ ಟೋ. ನಿಂತವರ ಪಾದದ ಬೆರಳುಗಳು ಒಳಮುಖವಾಗಿದ್ದಂತೆ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲುವುದು ಕ್ಯಾಂಬರ್. ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಈ ಎರಡು ತಪ್ಪಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಎಂದೇ ಅರ್ಥ. ಪಾನಾ ಹಿಡಿದು ಸರಿಮಾಡುವ ಮಾತಲ್ಲ.

ವೇಗ ಹೆಚ್ಚಿದಾಗ ಸ್ಟೇರಿಂಗ್ ನಡುಗುತ್ತದೆ

80 ಕಿ.ಮೀ. ದಾಟಿದ ಮೇಲೆ ನಡುಕ ಶುರುವಾಗಿ, ಇನ್ನಷ್ಟು ವೇಗದಲ್ಲಿ ಕಡಿಮೆಯಾದರೆ ಅದು ವೀಲ್ ಬ್ಯಾಲೆನ್ಸಿಂಗ್ ದೋಷ. ರಿಮ್ಮಿಗೆ ಅಂಟಿಸಿದ ತೂಕದ ತುಂಡು ಬಿದ್ದುಹೋಗಿದೆಯೇ, ರಿಮ್ಮಿನ ಒಳಮೈಗೆ ಕೆಸರು ಮೆತ್ತಿ ಒಣಗಿದೆಯೇ ನೋಡಿ. ಮಳೆಗಾಲದಲ್ಲಿ ಮಣ್ಣುರಸ್ತೆ ತುಳಿದ ಕಾರಿಗೆ ಒಮ್ಮೆ ನೀರು ಹೊಡೆದರೇ ನಡುಕ ಹೋಗುವುದುಂಟು. ಹೋಗದಿದ್ದರೆ ಬ್ಯಾಲೆನ್ಸಿಂಗ್ ಮಾಡಿಸಿ. ಟೋ ಮುಟ್ಟಬೇಡಿ.

ಟೈರಿನ ಬದಿ ಉಬ್ಬಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಸ್ಟೆಪ್ನಿ ಹಾಕಿ. ಉಬ್ಬಿದ ಟೈರು ಓಡಿಸುವಾಗಲೇ ಸಿಡಿಯಬಹುದು.

ಕಾರು ಒಂದು ಕಡೆಗೆ ಎಳೆಯುತ್ತದೆ

ಮೊದಲು ಗಾಳಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒತ್ತಡದ ಸ್ಟಿಕ್ಕರ್ ಇರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ. ಟೈರು ತಣ್ಣಗಿರುವಾಗ, ಬೆಳಗ್ಗೆ ಕಾರು ತೆಗೆಯುವ ಮುಂಚೆ ಅಳೆಯಿರಿ. ಮುಂದಿನ ಎರಡರ ನಡುವೆ ನಾಲ್ಕೈದು ಪಿಎಸ್‌ಐ ವ್ಯತ್ಯಾಸವಿದ್ದರೂ ಗಾಳಿ ಕಡಿಮೆಯಿರುವ ಕಡೆಗೆ ಕಾರು ಸರಿಯುತ್ತದೆ. ಎರಡೂ ಕಡೆ ಒಂದೇ ಕಂಪನಿಯ, ಒಂದೇ ಅಳತೆಯ, ಹೆಚ್ಚುಕಡಿಮೆ ಒಂದೇ ಸವೆತದ ಟೈರುಗಳಿವೆಯೇ ಎಂದೂ ನೋಡಿ.

ಎರಡನೆಯದು ರಸ್ತೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿಗೆ ಇಳಿಜಾರಾಗಿ ಮಾಡಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವುದರಿಂದ ಸರಿಯಾಗಿರುವ ಕಾರೂ ನಿಧಾನಕ್ಕೆ ಎಡಕ್ಕೆ ಸರಿಯುತ್ತದೆ. ವಾಹನಗಳಿಲ್ಲದ ಸಮತಟ್ಟಾದ ಅಗಲ ಜಾಗದಲ್ಲಿ, ಗಾಳಿ ಬೀಸದ ಹೊತ್ತಿನಲ್ಲಿ, 40 ಕಿ.ಮೀ. ವೇಗದಲ್ಲಿ ಹಿಡಿತ ಸಡಿಲಿಸಿ ನೋಡಿ. ಕೈ ಸ್ಟೇರಿಂಗಿನ ಪಕ್ಕದಲ್ಲೇ ಇರಲಿ. ಅದೇ ಜಾಗದಲ್ಲಿ ಎದುರು ದಿಕ್ಕಿನಿಂದಲೂ ಓಡಿಸಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಸರಿದರೆ ದೋಷ ನೆಲದ್ದು. ಎರಡೂ ಸಲ ಎಡಕ್ಕೇ ಎಳೆದರೆ ಕಾರಿನದ್ದು.

ಮೂರನೆಯದು ಟೈರು. ರೇಡಿಯಲ್ ಟೈರಿನ ಒಳಪದರ ಓರೆಯಾಗಿದ್ದರೆ ಹೊರಗಿನಿಂದ ಏನೂ ಕಾಣದು, ಆದರೆ ಕಾರು ಎಳೆಯುತ್ತದೆ. ಮುಂದಿನ ಎಡ ಮತ್ತು ಬಲ ಚಕ್ರಗಳನ್ನು ಅದಲುಬದಲು ಮಾಡಿ. ಎಳೆತದ ದಿಕ್ಕೂ ಬದಲಾದರೆ ಟೈರೇ ಕಾರಣ. ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಿಸಬಾರದು. ಅದೇ ಬದಿಯ ಹಿಂದಿನ ಚಕ್ರವನ್ನು ಮುಂದಕ್ಕೆ ತನ್ನಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡದೆ ಯಾರೂ ಅಲೈನ್‌ಮೆಂಟ್‌ಗೆ ಹಣ ಕೊಡಬಾರದು.

ನಾಲ್ಕನೆಯದು ಬ್ರೇಕು. ಬ್ರೇಕ್ ಆದಷ್ಟು ಕಡಿಮೆ ಒತ್ತುತ್ತಾ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ. ಮುಂದಿನ ಎರಡೂ ರಿಮ್‌ಗಳ ಬಳಿಗೆ ಅಂಗೈ ಒಯ್ದು ಶಾಖ ಹೋಲಿಸಿ. ಡಿಸ್ಕನ್ನು ಮುಟ್ಟಬೇಡಿ, ಕೈ ಸುಡುತ್ತದೆ. ಒಂದು ಕಡೆ ಗಮನಾರ್ಹವಾಗಿ ಬಿಸಿಯಿದ್ದರೆ ಅಲ್ಲಿ ಡಿಸ್ಕನ್ನು ಅದುಮುವ ಕ್ಯಾಲಿಪರ್ ಕಚ್ಚಿಕೊಂಡಿದೆ, ಎಳೆತವೂ ಅದೇ ಕಡೆಗೆ ಇರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದಾದರೆ ಕ್ಯಾಲಿಪರ್, ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಅಥವಾ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಷ್ ಹೋಗಿರುತ್ತದೆ. ಮೂರೂ ಮೆಕ್ಯಾನಿಕ್ ಕೆಲಸ, ಮುಂದೂಡುವಂಥದ್ದಲ್ಲ.

ಟೋ ಒಂದೇ ತಪ್ಪಿದ್ದರೆ ಕಾರು ಸಾಮಾನ್ಯವಾಗಿ ಹೀಗೆ ಒಂದೇ ಕಡೆಗೆ ಎಳೆಯುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಓಡುವಾಗ ಮುಂದಿನ ಎರಡೂ ಚಕ್ರಗಳು ತಪ್ಪನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಓರೆಯಾಗುತ್ತದೆ, ಟೈರು ಸವೆಯುತ್ತದೆ.

ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆ

ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ.

ಅಲೈನ್‌ಮೆಂಟ್ ಸುದ್ದಿ ಬರುವುದು ಅಂಚಿನ ಸವೆತದಲ್ಲಿ. ಮುಂದಿನ ಎರಡೂ ಟೈರುಗಳ ಒಳ ಅಂಚು ಸವೆದಿದ್ದರೆ ಟೋ-ಔಟ್, ಎರಡೂ ಹೊರ ಅಂಚು ಸವೆದಿದ್ದರೆ ಟೋ-ಇನ್ ಎಂದು ಮೊದಲು ಅನುಮಾನಿಸಿ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ದಿನಾ ಓಡಾಡುವ ಕಾರುಗಳಿಗೆ ತಿರುವುಗಳಿಂದಲೇ ಹೊರ ಅಂಚು ಬೇಗ ಸವೆಯುತ್ತದೆ. ಅಲ್ಲಿ ಅಳೆಯದೆ ತೀರ್ಮಾನಿಸಬೇಡಿ. ಒಂದೇ ಟೈರಿನ ಒಂದೇ ಅಂಚು ನುಣ್ಣಗಾಗಿದ್ದರೆ ಆ ಕಡೆಯ ಕ್ಯಾಂಬರ್ ತಪ್ಪಿದೆ. ಸ್ಟ್ರಟ್, ನಕಲ್ (ಚಕ್ರ ಕೂರುವ ಎರಕದ ತುಂಡು) ಅಥವಾ ಲೋವರ್ ಆರ್ಮ್ ಬಗ್ಗಿರಬಹುದು.

ಕಣ್ಣಿಗಿಂತ ಅಂಗೈ ಬೇಗ ಹೇಳುತ್ತದೆ. ಟೈರಿನ ಮೇಲ್ಮೈಯನ್ನು ಅಡ್ಡಡ್ಡವಾಗಿ ಸವರಿ, ಮೊದಲು ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ. ತಂತಿ ಎದ್ದು ನಿಂತಿಲ್ಲ ಎಂದು ಮೊದಲೇ ನೋಡಿಕೊಳ್ಳಿ. ಒಳಕ್ಕೆ ಹೋಗುವಾಗ ನುಣುಪಾಗಿ, ಹೊರಕ್ಕೆ ಬರುವಾಗ ಗರಗಸದಂತೆ ಚುಚ್ಚಿದರೆ ಟೋ-ಇನ್ ಜಾಸ್ತಿ. ಅದಕ್ಕೆ ತಿರುಗಾಮುರುಗಾ ಆದರೆ ಟೋ-ಔಟ್. ಕಣ್ಣಿಗೆ ಸವೆತ ಕಾಣುವ ಎಷ್ಟೋ ಮುಂಚೆ ಕೈಗೆ ಇದು ಸಿಗುತ್ತದೆ.

ಸವೆದ ಅಂಚು ಮತ್ತೆ ಬೆಳೆಯುವುದಿಲ್ಲ. ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ, ಅಂದರೆ ತೋಡಿನೊಳಗಿನ ಸವೆತ ಸೂಚಕ ದಿಂಡಿನ ಮಟ್ಟಕ್ಕೆ ಬಂದಿದ್ದರೆ, ಟೈರು ಬದಲಿಸಿದ ಮೇಲೇ ಮುಂದಿನ ಕೆಲಸ.

ಸ್ಟೇರಿಂಗ್ ಸಡಿಲ, ಕಾರು ಅಲೆಯುತ್ತದೆ, ಹಂಪ್ಸ್ ಮೇಲೆ ಟಕ್ ಟಕ್ ಸದ್ದು

ಇದು ಪ್ಲೇ, ಅಂದರೆ ಕೀಲುಗಳಲ್ಲಿ ಸಡಿಲ, ಬಂದಿರುವ ಲಕ್ಷಣ. ಪ್ಲೇ ಇರುವ ಕಾರಿನ ಟೋ ಅಳೆಯುವುದೂ ದಂಡ, ಹೊಂದಿಸುವುದೂ ದಂಡ. ಪ್ರತಿ ಹೊಂಡದಲ್ಲೂ ಅಳತೆ ಬದಲಾಗುತ್ತದೆ.

ಚಕ್ರಗಳು ನೆಲದ ಮೇಲಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಚಾಲೂ ಇರಲಿ. ಒಬ್ಬರು ಸ್ಟೇರಿಂಗನ್ನು ಎಡಬಲ ನಾಲ್ಕು ಬೆರಳಷ್ಟು ಆಡಿಸುತ್ತಿರಲಿ. ನೀವು ಪಕ್ಕದಲ್ಲಿ ಕುಳಿತು ಮಡ್‌ಗಾರ್ಡ್ ಸಂದಿನಿಂದ ಟಾರ್ಚ್ ಬಿಟ್ಟು ಟೈ ರಾಡ್ ಎಂಡ್ (ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ರಾಡಿನ ತುದಿಯ ಕೀಲು) ನೋಡಿ. ಕೈ ಒಳಗೆ ಹಾಕಬೇಡಿ. ರಾಡ್ ಅಲುಗಿದ ಕ್ಷಣವೇ ಚಕ್ರವೂ ಅಲುಗಬೇಕು. ರಾಡ್ ಮೊದಲು, ಚಕ್ರ ಆಮೇಲೆ ಎಂದಾದರೆ ಟೈ ರಾಡ್ ಎಂಡ್ ಹೋಗಿದೆ.

ಇನ್ನು ಚಕ್ರ ಎತ್ತಿ ನೋಡುವುದು. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ, ಜಾಕ್ ಎತ್ತಿದ ಮೇಲೆ ಕಂಪನಿ ಹೇಳಿದ ಜಾಗಕ್ಕೆ ಕಬ್ಬಿಣದ ಸ್ಟ್ಯಾಂಡ್ ಇಡಿ. ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಬದಲಿಸಲು ಮಾತ್ರ. ಜಾಕ್ ಒಂದನ್ನೇ ನಂಬಿ ದೇಹದ ಯಾವ ಭಾಗವನ್ನೂ ಕಾರಿನಡಿ ತೂರಿಸಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ; ಸ್ಟ್ಯಾಂಡಿಗೆ ಬದಲು ಅವನ್ನು ಇಡಬೇಡಿ. ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಸಡಿಲವೆನಿಸಿದರೆ ಟೈ ರಾಡ್ ಅಥವಾ ಅದನ್ನು ಎಡಬಲಕ್ಕೆ ತಳ್ಳುವ ಸ್ಟೇರಿಂಗ್ ರ‍್ಯಾಕ್. 12 ಮತ್ತು 6ರಲ್ಲಿ ಸಡಿಲವಿದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಲೋವರ್ ಆರ್ಮಿಗೆ ಸೇರಿಸುವ ಗುಂಡಿನ ಕೀಲು) ಅಥವಾ ವೀಲ್ ಬೇರಿಂಗ್. ಎರಡೂ ಕಡೆ ಅಲುಗಿದರೆ ಬೇರಿಂಗ್ ಮೇಲೆ ಅನುಮಾನ ಹೆಚ್ಚು. ತಿರುಗಿಸಿದಾಗ ಗೊರಗೊರ ಸದ್ದು ಬಂದರೆ ಅದೇ. ಚಕ್ರ ಎತ್ತಿರುವಾಗಲೇ ಅದನ್ನು ತಿರುಗಿಸುತ್ತಾ ರಿಮ್ಮಿನ ಅಂಚಿನೆದುರು ಒಂದು ಕಡ್ಡಿ ಹಿಡಿಯಿರಿ. ಅಂತರ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ರಿಮ್ ಬಗ್ಗಿದೆ, ಟೋ ಅಳತೆ ಸುಳ್ಳು ಹೇಳುತ್ತದೆ.

ಬಾಲ್ ಜಾಯಿಂಟ್‌ನಲ್ಲಿ ಪ್ಲೇ ಸಿಕ್ಕರೆ ಕಾರು ಓಡಿಸಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನಡುವಿಗೆ ಮರಳದಿದ್ದರೂ ಟೋ ಹಿಂದೆ ಹೋಗಬೇಡಿ. ಸ್ಟ್ರಟ್ ಮೇಲಿನ ಬೇರಿಂಗ್, ಬಿಗಿಯಾದ ಜಾಯಿಂಟ್, ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಮೊದಲು ನೋಡಬೇಕಾದವು.

ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಮಾತ್ರ ಓರೆ

ಇದು, ಮತ್ತು ಅಂಗೈಗೆ ಚುಚ್ಚುವ ಟೈರು, ಟೋ ತಪ್ಪಿದೆ ಎನ್ನುವ ನಿಜವಾದ ಗುರುತುಗಳು. ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಬದಲಿಸಿದ ಮೇಲೂ ಹೀಗಾಗುತ್ತದೆ. ಕೆಲವರು ಸ್ಟೇರಿಂಗ್ ಚಕ್ರವನ್ನೇ ಕಳಚಿ ಒಂದೆರಡು ಹಲ್ಲು ಸರಿಸಿ ಕೂರಿಸುತ್ತಾರೆ. ಟೋ ತಪ್ಪು ಹಾಗೇ ಉಳಿಯುತ್ತದೆ, ಅಲ್ಲದೆ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದು ಅಪಾಯ. ಮಾಡಬೇಡಿ.

ಈಗ ಅಳತೆ. ಬೇಕಾಗುವುದು: ಗಾರೆ ಕೆಲಸದವರು ಬಳಸುವ ನೈಲಾನ್ ದಾರ ಸುಮಾರು 15 ಮೀಟರ್, ಎರಡು ಮೀಟರ್ ಉದ್ದದ ಎರಡು ಪಿವಿಸಿ ಪೈಪು, ಅರ್ಧ ಮಿ.ಮೀ. ಗೆರೆಯಿರುವ ಸ್ಟೀಲ್ ಸ್ಕೇಲು, ಎತ್ತರದ ನಾಲ್ಕು ಸ್ಟೂಲು ಅಥವಾ ಡಬ್ಬ. ನೆಲ ಸಮತಟ್ಟಾಗಿರಬೇಕು, ಗಾರೆಯವರ ನೀರಿನ ಲೆವೆಲ್ ಪೈಪಿನಿಂದ ನಾಲ್ಕೂ ಚಕ್ರದ ಜಾಗ ಪರೀಕ್ಷಿಸಬಹುದು. ಡಿಕ್ಕಿಯ ಭಾರ ಇಳಿಸಿ, ಗಾಳಿ ಸರಿಪಡಿಸಿ.

ಕಾರನ್ನು ಮೂರ್ನಾಲ್ಕು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ರಿವರ್ಸ್ ಬಂದು ನಿಲ್ಲಿಸಿದರೆ ಜಾಯಿಂಟ್‌ಗಳ ಸಡಿಲ ಎದುರು ದಿಕ್ಕಿಗೆ ಹೋಗಿ ಅಳತೆ ಕೆಡುತ್ತದೆ. ಬಾನೆಟ್ ಎರಡು ಸಲ ಒತ್ತಿ ಬಿಡಿ. ಸ್ಟೇರಿಂಗನ್ನು ಸರಿಯಾಗಿ ನಡುವಿಗೆ ತಂದು, ಅಲುಗದಂತೆ ಹಗ್ಗದಿಂದ ಸೀಟಿಗೆ ಕಟ್ಟಿ.

ಎರಡೂ ಪೈಪುಗಳಲ್ಲಿ ಒಂದೇ ಅಂತರಕ್ಕೆ ಗೀರು ಮಾಡಿ. ಅಂತರ ಕಾರಿನ ಅಗಲಕ್ಕಿಂತ ಸುಮಾರು 20 ಸೆಂ.ಮೀ. ಹೆಚ್ಚಿರಲಿ. ಇಲ್ಲಿ ಒಂದು ಮಿ.ಮೀ. ತಪ್ಪಿದರೂ ಎಲ್ಲ ತಪ್ಪುತ್ತದೆ, ಹಾಗಾಗಿ ಎರಡೂ ಪೈಪನ್ನು ಜೋಡಿಸಿಟ್ಟು ಒಟ್ಟಿಗೇ ಗೀರಿ. ಒಂದು ಪೈಪನ್ನು ಕಾರಿನ ಮುಂದೆ, ಇನ್ನೊಂದನ್ನು ಹಿಂದೆ, ಚಕ್ರದ ನಡುಮಟ್ಟದ ಎತ್ತರಕ್ಕೆ ಸ್ಟೂಲುಗಳ ಮೇಲಿಡಿ. ಗೀರಿನಿಂದ ಗೀರಿಗೆ ಕಾರಿನ ಎರಡೂ ಪಕ್ಕ ದಾರ ಬಿಗಿಯಾಗಿ ಕಟ್ಟಿ. ದಾರದಿಂದ ಮುಂದಿನ ಎಡ ಚಕ್ರದ ನಡುಬಿಂದುವಿಗೂ ಮುಂದಿನ ಬಲ ಚಕ್ರದ ನಡುಬಿಂದುವಿಗೂ ಒಂದೇ ದೂರ ಬರುವ ತನಕ ಮುಂದಿನ ಪೈಪನ್ನು ಸರಿಸಿ. ಹಿಂದಿನ ಜೋಡಿಗೂ ಹಾಗೆಯೇ. ಮುಂದಿನ ಜೋಡಿಯ ದೂರ ಮತ್ತು ಹಿಂದಿನ ಜೋಡಿಯ ದೂರ ಬೇರೆಬೇರೆ ಇರಬಹುದು, ಅದು ಸಹಜ. ಒಂದು ಪೈಪು ಸರಿಸಿದಾಗ ಇನ್ನೊಂದು ಕಡೆ ಚೂರು ಬದಲಾಗುತ್ತದೆ. ನಾಲ್ಕೂ ಕಡೆ ಕೂಡಿಬರುವ ತನಕ ತಾಳ್ಮೆ ಬೇಕು.

ಇನ್ನು ಪ್ರತಿ ಚಕ್ರದ ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಇರುವ ದೂರ ಬರೆದುಕೊಳ್ಳಿ. ಸ್ಕೇಲು ದಾರವನ್ನು ಮುಟ್ಟಿ ತಳ್ಳಬಾರದು. ಮುಂದಿನ ಅಂಚಿನ ದೂರ ಹೆಚ್ಚಿದ್ದರೆ ಆ ಚಕ್ರ ಟೋ-ಇನ್, ಕಡಿಮೆಯಿದ್ದರೆ ಟೋ-ಔಟ್.

ಹಿಂದಿನ ಚಕ್ರಗಳನ್ನು ಮೊದಲು ಓದಿ. ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಒಂದು ಇನ್, ಇನ್ನೊಂದು ಔಟ್ ಎಂದು ಬಂದರೆ ಹಿಂದಿನ ಆಕ್ಸಲ್ ಓರೆಯಾಗಿದೆ, ಸ್ಟೇರಿಂಗ್ ಓರೆಗೂ ಅದೇ ಕಾರಣವಿರಬಹುದು. ಮುಂದಿನ ಟೋ ತಿರುಗಿಸಿ ಅದನ್ನು ಮುಚ್ಚಿಹಾಕಬೇಡಿ.

ಕಂಪನಿಯ ಟೋ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅಲೈನ್‌ಮೆಂಟ್ ಅಂಗಡಿಯ ಹಳೆಯ ಪ್ರಿಂಟ್‌ನಲ್ಲೂ ಇರುತ್ತದೆ. ಇಂಥ ಕಾರುಗಳಲ್ಲಿ ಎರಡೂ ಚಕ್ರ ಸೇರಿ ಸಾಮಾನ್ಯವಾಗಿ ಸೊನ್ನೆಯ ಆಸುಪಾಸು, ಒಂದೆರಡು ಮಿ.ಮೀ. ಒಳಗೆ. ಅದು ಡಿಗ್ರಿಯಲ್ಲಿ ಕೊಟ್ಟಿದ್ದರೆ ಲೆಕ್ಕ ಹೀಗೆ: 13 ಇಂಚಿನ ರಿಮ್ಮಿನ ಹೊರ ಅಂಚಿನ ವ್ಯಾಸ ಸುಮಾರು 360 ಮಿ.ಮೀ., ಅಲ್ಲಿ 1 ಮಿ.ಮೀ. ವ್ಯತ್ಯಾಸ ಎಂದರೆ 0.16 ಡಿಗ್ರಿ. 155/65 ಆರ್13 ಟೈರಿನ ಹೊರ ವ್ಯಾಸ ಸುಮಾರು 530 ಮಿ.ಮೀ., ಅಲ್ಲಿ 1 ಮಿ.ಮೀ. ಎಂದರೆ 0.11 ಡಿಗ್ರಿ. ಅಂದರೆ ರಿಮ್ಮಿನಲ್ಲಿ ಸಿಕ್ಕ 1 ಮಿ.ಮೀ. ಟೈರಿನ ಮಟ್ಟದಲ್ಲಿ ಒಂದೂವರೆ. ಮ್ಯಾನ್ಯುಯಲ್‌ನ ಅಂಕಿ ಯಾವ ಮಟ್ಟದ್ದು ಎಂದು ನೋಡದೆ ಹೋಲಿಸಬೇಡಿ.

ಟೋ ತಿರುಗಿಸುವುದು

ಕರಾವಳಿಯ ಕಾರುಗಳಲ್ಲಿ ಟೈ ರಾಡಿನ ಲಾಕ್ ನಟ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ರಾತ್ರಿಯೇ ರಾಡಿನ ಥ್ರೆಡ್ಡನ್ನು (ತಿರುಪಿನ ಗೆರೆಗಳನ್ನು) ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಲಾಕ್ ನಟ್ಟಿಗೊಂದು, ಟೈ ರಾಡ್ ಎಂಡ್ ತಿರುಗದಂತೆ ಹಿಡಿಯಲು ಇನ್ನೊಂದು ಪಾನಾ ಬೇಕು. ಎಷ್ಟು ಥ್ರೆಡ್ ಹೊರಗೆ ಕಾಣುತ್ತಿದೆ ಎಂದು ಎರಡೂ ಕಡೆ ಅಳೆದು ಬರೆದಿಟ್ಟು, ಬಣ್ಣದ ಗುರುತು ಹಾಕಿ. ಕೆಟ್ಟರೆ ಮೊದಲಿನ ಸ್ಥಿತಿಗೆ ಮರಳಬಹುದು. ರಾಡ್ ತಿರುಗಿಸುವ ಮುಂಚೆ ಸ್ಟೇರಿಂಗ್ ರ‍್ಯಾಕಿನ ತುದಿಯನ್ನು ಮುಚ್ಚಿರುವ ರಬ್ಬರ್ ಬೂಟಿನ ಹೊರತುದಿಯ ಕ್ಲಿಪ್ ಸಡಿಲಿಸಿ. ಇಲ್ಲದಿದ್ದರೆ ಬೂಟ್ ತಿರುಚಿಕೊಂಡು ಹರಿಯುತ್ತದೆ, ನೀರು ಹೋಗಿ ರ‍್ಯಾಕ್ ಹಾಳಾಗುತ್ತದೆ.

ಈ ಕಾರುಗಳಲ್ಲಿ ಟೈ ರಾಡ್ ಸಾಮಾನ್ಯವಾಗಿ ಚಕ್ರದ ನಡುವಿಗಿಂತ ಹಿಂದೆ ಇರುತ್ತದೆ. ಹಾಗಿದ್ದಾಗ ರಾಡ್ ಉದ್ದವಾದರೆ ಟೋ-ಇನ್ ಹೆಚ್ಚುತ್ತದೆ, ಗಿಡ್ಡವಾದರೆ ಕಡಿಮೆಯಾಗುತ್ತದೆ. ರಾಡ್ ಮುಂದೆ ಇದ್ದರೆ ಇದು ಉಲ್ಟಾ. ಬಗ್ಗಿ ನೋಡಿ ಖಚಿತಪಡಿಸಿಕೊಳ್ಳಿ.

ಒಂದು ಉದಾಹರಣೆ. ಎಡ ಚಕ್ರ: ಮುಂದಿನ ಅಂಚು 122, ಹಿಂದಿನ ಅಂಚು 120 ಮಿ.ಮೀ., ಅಂದರೆ 2 ಮಿ.ಮೀ. ಇನ್. ಬಲ ಚಕ್ರ: 119.5 ಮತ್ತು 122.5, ಅಂದರೆ 3 ಮಿ.ಮೀ. ಔಟ್. ಎರಡೂ ಚಕ್ರ ಬಲಕ್ಕೆ ಮುಖಮಾಡಿವೆ. ಕಾರು ನೇರ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ಓರೆ ಹಿಡಿಯಬೇಕು. ಒಟ್ಟು ಟೋ 1 ಮಿ.ಮೀ. ಔಟ್. ಪ್ರತಿ ಚಕ್ರಕ್ಕೂ ಅರ್ಧ ಮಿ.ಮೀ. ಇನ್ ಬೇಕೆಂದಿಟ್ಟುಕೊಳ್ಳಿ: ಎಡದಲ್ಲಿ 1.5 ಕಡಿಮೆಯಾಗಬೇಕು, ಬಲದಲ್ಲಿ 3.5 ಹೆಚ್ಚಬೇಕು. ಥ್ರೆಡ್ಡಿನ ಅಂತರ 1.25 ಮಿ.ಮೀ., ಸ್ಟೇರಿಂಗ್ ಆರ್ಮ್ (ಚಕ್ರ ಎಡಬಲಕ್ಕೆ ತಿರುಗುವ ಅಕ್ಷದಿಂದ ಟೈ ರಾಡ್ ಎಂಡಿಗೆ ಇರುವ ದೂರ) 120 ಮಿ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿಗೆ ರಿಮ್ಮಿನಲ್ಲಿ ಸುಮಾರು 3.75 ಮಿ.ಮೀ. ಬದಲಾಗುತ್ತದೆ. ಹಾಗಾಗಿ ಎಡ ರಾಡ್ ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ಗಿಡ್ಡ, ಬಲ ರಾಡ್ ಒಂದು ಸುತ್ತಿಗೆ ಸ್ವಲ್ಪ ಕಡಿಮೆ ಉದ್ದ. ನಿಮ್ಮ ಕಾರಿನ ಲೆಕ್ಕ ಬೇರೆಯಿರುತ್ತದೆ. ಮೊದಲು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದರೆ ನಿಮ್ಮದೇ ಅಂಕಿ ಸಿಗುತ್ತದೆ.

ನಿಂತ ಟೈರು ನೆಲಕ್ಕೆ ಅಂಟಿಕೊಂಡಿರುವುದರಿಂದ ರಾಡ್ ತಿರುಗಿಸಿದಷ್ಟೂ ಚಕ್ರ ತಿರುಗುವುದಿಲ್ಲ. ಪ್ರತಿ ಬದಲಾವಣೆಯ ನಂತರ ಕಾರನ್ನು ಎರಡು ಮೀಟರ್ ಹಿಂದಕ್ಕೆ, ಆಮೇಲೆ ಮೂರು ಮೀಟರ್ ಮುಂದಕ್ಕೆ ಉರುಳಿಸಿ, ದಾರ ಮತ್ತೆ ಹೊಂದಿಸಿ ಅಳೆಯಿರಿ. ಇದು ಬೇಸರದ ಕೆಲಸ. ಆದರೆ ಈ ಹಂತ ಬಿಟ್ಟವರ ಅಳತೆ ಎಂದೂ ಸರಿ ಬಂದಿಲ್ಲ.

ಒಟ್ಟು ಟೋ ಸರಿಯಿದ್ದು ಸ್ಟೇರಿಂಗ್ ಮಾತ್ರ ಎಡಕ್ಕೆ ಓರೆಯಿದ್ದರೆ ಎಡ ರಾಡ್ ಗಿಡ್ಡ, ಬಲ ರಾಡ್ ಅಷ್ಟೇ ಉದ್ದ. ಬಲಕ್ಕೆ ಓರೆಯಿದ್ದರೆ ಇದರ ಉಲ್ಟಾ. ಎರಡೂ ಕಡೆ ಕಾಲು ಕಾಲು ಸುತ್ತು ತಿರುಗಿಸಿದರೆ ಸ್ಟೇರಿಂಗ್ ಅಂದಾಜು ಎರಡೂವರೆ ಡಿಗ್ರಿ ಸರಿಯುತ್ತದೆ.

ಕೊನೆಗೆ ಟೈ ರಾಡ್ ಎಂಡ್ ಓರೆಯಾಗದಂತೆ ಹಿಡಿದು ಲಾಕ್ ನಟ್‌ಗಳನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಮಾಡಿ. ಬಿಗಿಯದ ಲಾಕ್ ನಟ್ ಎಂದರೆ ಸ್ಟೇರಿಂಗ್ ಕೈತಪ್ಪುವ ದಾರಿ. ಬೂಟಿನ ಕ್ಲಿಪ್ ಕೂರಿಸಿ, ಸ್ಟೇರಿಂಗಿಗೆ ಕಟ್ಟಿದ ಹಗ್ಗ ಬಿಚ್ಚಿ, ಎಡಬಲ ಪೂರ್ತಿ ತಿರುಗಿಸಿ ಎಲ್ಲೂ ತಾಗುವುದಿಲ್ಲವೆಂದು ನೋಡಿ. 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ.

ಎಲ್ಲ ಸರಿಯಿದೆ, ಆದರೂ ಎಳೆಯುತ್ತದೆ

ಈಗ ಕ್ಯಾಂಬರ್ ನೋಡಬೇಕು. ಸಮತಟ್ಟು ನೆಲದಲ್ಲಿ, ಚಕ್ರ ನೇರವಿರುವಾಗ, ಗಾರೆಯವರ ತೂಗುಗುಂಡನ್ನು ರಿಮ್ಮಿನ ಎದುರು ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಂಚಿಗೆ, ಕೆಳಂಚಿಗೆ ಇರುವ ದೂರ ಅಳೆಯಿರಿ. 13 ಇಂಚಿನ ರಿಮ್ಮಿನಲ್ಲಿ 3 ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು ಅರ್ಧ ಡಿಗ್ರಿ. ಎಡ ಬಲದ ಕ್ಯಾಂಬರ್ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರವಿದ್ದು, ನೆತ್ತಿ ಹೊರಕ್ಕೆ ಹೆಚ್ಚು ವಾಲಿದ ಕಡೆಗೇ ಕಾರು ಎಳೆಯುತ್ತಿದ್ದರೆ ಕಾರಣ ಸಿಕ್ಕಿತು. ಒಂದು ಪಕ್ಕದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರವನ್ನು ಟೇಪಿನಿಂದ ಅಳೆದು ಇನ್ನೊಂದು ಪಕ್ಕಕ್ಕೆ ಹೋಲಿಸಿ. ಒಂದು ಸೆಂ.ಮೀ.ನಷ್ಟು ವ್ಯತ್ಯಾಸವಿದ್ದರೆ ಲೋವರ್ ಆರ್ಮ್ ಬಗ್ಗಿದೆ ಅಥವಾ ಸಬ್‌ಫ್ರೇಮ್ (ಲೋವರ್ ಆರ್ಮ್ ಕೂರುವ ಚೌಕಟ್ಟು) ಇಲ್ಲವೇ ಹಿಂದಿನ ಆಕ್ಸಲ್ ಸರಿದಿದೆ.

ಮನೆಯ ಕೆಲಸ ನಿಲ್ಲಿಸಬೇಕಾದದ್ದು ಯಾವಾಗ

ಯಾವುದೇ ಜಾಯಿಂಟ್‌ನಲ್ಲಿ ಪ್ಲೇ, ಹರಿದ ಬೂಟ್, ಬಗ್ಗಿದ ರಿಮ್, ಓರೆಯಾದ ಹಿಂದಿನ ಆಕ್ಸಲ್, ಕ್ಯಾಂಬರ್ ವ್ಯತ್ಯಾಸ, ಹಿಂದೆ ಅಪಘಾತವಾದ ಕಾರು: ಇವು ಸಿಕ್ಕರೆ ಪಾನಾ ಕೆಳಗಿಡಿ. ಎರಡೂ ಕಡೆಯ ಥ್ರೆಡ್ ಉದ್ದದಲ್ಲಿ ಬಹಳ ವ್ಯತ್ಯಾಸವಿದ್ದರೂ ಅಷ್ಟೇ, ಏನೋ ಬಗ್ಗಿದೆ. ಇಎಸ್‌ಪಿ (ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರುಗಳಲ್ಲಿ ಟೋ ಬದಲಿಸಿದ ಮೇಲೆ ಸ್ಟೇರಿಂಗ್ ಆಂಗಲ್ ಸೆನ್ಸರ್ ಮರುಹೊಂದಿಸಬೇಕಾಗಬಹುದು. ಲೇನ್ ಗಮನಿಸುವ ಕ್ಯಾಮೆರಾ ಇರುವ ಕಾರುಗಳಿಗೆ ಅದರ ಹೊಂದಾಣಿಕೆಯೂ ಬೇಕಾದೀತು. ಹಿಂದೆ ಪ್ರತಿ ಚಕ್ರಕ್ಕೂ ಪ್ರತ್ಯೇಕ ಲಿಂಕ್‌ಗಳಿರುವ ದೊಡ್ಡ ಕಾರುಗಳನ್ನು ನೇರ ಯಂತ್ರಕ್ಕೇ ಒಯ್ಯಿರಿ.

ಅಂಗಡಿಗೆ ಹೋಗುವಾಗ ನಿಮ್ಮ ಅಳತೆಯ ಚೀಟಿ ಜೊತೆಗಿರಲಿ. ಅಲೈನ್‌ಮೆಂಟ್‌ಗೆ ಮುಂಚೆ ಚಕ್ರ ಎತ್ತಿ ಪ್ಲೇ ನೋಡಲು ಹೇಳಿ. ನಾಲ್ಕೂ ಚಕ್ರಗಳ ಅಂಕಿಯಿರುವ ಪ್ರಿಂಟನ್ನು, ಹೊಂದಿಸುವ ಮೊದಲಿನದೂ ನಂತರದ್ದೂ, ಕೇಳಿ ಪಡೆಯಿರಿ.